ಗುಂಡುಗಣ್ಣಿನ ಕುರಿ

ಚನ್ನಪಟ್ಟಣ
11 ಫೆಬ್ರವರಿ 2024

ಅಪ್ಪನಿಗೆ,

ನಿನ್ನ ಮಗಳು ಕುಸುಮ ಬರೆಯುತ್ತಿದ್ದೇನೆ. ನಾನು ಹುಷಾರಾಗಿದ್ದೇನೆ. ನೀನು, ಅವ್ವ, ಮಂದೆ ಎಲ್ಲ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಹೋದ ವಾರ ಅವ್ವನ ಜೊತೆ ಫೋನಿನಲ್ಲಿ ಮಾತಾಡುವಾಗ ನಿನಗೂ ಕೊಡು ಎಂದೆ. "ಕೊಟ್ರೇನ್ ಬಂತು, ಗುಂಯ್ ಅಂತದೆ ಅಂತ ಮಂಚದ ಮೇಲೆ ಎಸೀತಾರೆ ನಿಮ್ಮಪ್ಪ" ಎಂದಳು. ವಿಡಿಯೊ ಕಾಲ್ ಮಾಡಿದರೆ ಮೂಕಿ ಸಿನಿಮಾ ಎನ್ನುತ್ತೀಯಂತೆ. ನಿನ್ನ ಕಿವಿ ಮಂದವಾದ ಮೇಲೆ ನಮ್ಮಿಬ್ಬರಿಗೆ ಕಾಗದವೇ ಸರಿ. ನಾನು ಓದಿದ್ದು ಏಳನೇ ಕ್ಲಾಸು, ನೀನು ನಾಲ್ಕನೇ ಕ್ಲಾಸು. ಇಬ್ಬರದ್ದೂ ಸೇರಿಸಿದರೆ ಪಿಯುಸಿಯವರೆಗೆ ಬರುತ್ತದೆ. ಅಷ್ಟು ಓದು ಸಾಕು.

ಇದರ ಜೊತೆ ಒಂದು ಡಬ್ಬಿ ಕಳಿಸಿದ್ದೇನೆ. ಒಳಗೆ ಒಂದು ಕುರಿ ಇದೆ. ಇಲ್ಲಿ ಗೊಂಬೆಗೆ ಬಳಸುವ ಬಿಳಿಯ ಆಲೆಮರದ್ದು. ಇಲ್ಲಿಗೆ ಬಂದಾಗಿನಿಂದ ನಾನು ಬೇರೆಯವರು ಯೋಚಿಸಿದ ಗೊಂಬೆಗೆ ಬಣ್ಣ ಹಚ್ಚುತ್ತಿದ್ದೆ. ಇದು ನಾನೇ ಯೋಚಿಸಿ ಮಾಡಿದ್ದು. ಲೇತಿನ ಮೇಲೆ ಮರ ತಿರುಗುವಾಗ ಅರಗಿನ ಬಣ್ಣದ ಕಡ್ಡಿ ಒತ್ತಿ ಹಿಡಿದರೆ ಬಿಸಿಗೆ ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಒಣಗಿದ ಕೇದಿಗೆ ಗರಿಯಲ್ಲಿ ಉಜ್ಜಿದರೆ ಈ ಹೊಳಪು ಬರುತ್ತದೆ. ಮುಟ್ಟಿ ನೋಡು.

ನಮ್ಮ ಕಾರ್ಖಾನೆಯ ಯಜಮಾನಿ ಮಜೀದಾಕ್ಕ ಪ್ರತಿ ವರ್ಷ ದಸರೆಯ ಹೊತ್ತಿಗೆ ಬೆಂಗಳೂರಿನ ಮೇಳಕ್ಕೆ ಒಂದು ಹೊಸ ಗೊಂಬೆ ತೆಗೆದುಕೊಂಡು ಹೋಗುತ್ತಾರೆ. ಆ ಗೊಂಬೆಯ ಜೊತೆ ಒಂದು ಚೀಟಿ ಇಡುತ್ತಾರೆ. ಅದರಲ್ಲಿ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇರಬೇಕು, ಅದು ನಿಜವೂ ಆಗಿರಬೇಕು. ಮತ್ತೆ ಅದನ್ನು ಯೋಚಿಸಿದವರ ಹೆಸರನ್ನು ಗೊಂಬೆಯ ಹೊಟ್ಟೆಯಡಿ ಬರೆಸುತ್ತಾರೆ. ಉಳಿದ ಯಾವ ಗೊಂಬೆಗೂ ಹೆಸರಿಲ್ಲ. ಅಪ್ಪ, ಈ ಸಲ ಅಲ್ಲಿ ನನ್ನ ಹೆಸರು ಇರಬೇಕು ಎಂದು ನನಗೆ ಆಸೆ. ಬಾಯಲ್ಲಿ ಹೇಳಲು ನಾಚಿಕೆಯಾಗಿ, ಇಂಥದ್ದೇ ಇನ್ನೊಂದು ಕುರಿಯನ್ನು ಮಜೀದಾಕ್ಕನ ಮೇಜಿನ ಮೇಲಿಟ್ಟು ನೀರು ಕುಡಿಯುವ ನೆಪದಲ್ಲಿ ಹೊರಗೆ ಓಡಿಹೋದೆ. ಅವರು ಇನ್ನೂ ಏನೂ ಹೇಳಿಲ್ಲ. ಅದಕ್ಕೂ ಮೊದಲು ನೀನು ಹೇಳು.

ಮಂದೆ ಕಾಯುವಾಗ ನಾವು ಆಡುತ್ತಿದ್ದ ಆಟ ನೆನಪಿದೆಯಾ? ಎದುರಿನವರಿಗೆ ಗೊತ್ತಿಲ್ಲದ್ದನ್ನು ಒಂದು ಹೇಳಬೇಕು. ಗೊತ್ತಿಲ್ಲದೆ ಸೋತವರು ಎದ್ದು ಹೋಗಿ ದಾರಿ ತಪ್ಪಿದ ಕುರಿ ತಿರುಗಿಸಿಕೊಂಡು ಬರಬೇಕು. ಈಗ ನನ್ನದು: ಈ ಅರಗು ಮರದ ಅಂಟಲ್ಲ, ಒಂದು ಸಣ್ಣ ಹುಳು ಮಾಡುವುದು. ನಾವು ನುಂಗುವ ಕೆಲವು ಮಾತ್ರೆಗಳ ಮೇಲಿನ ಹೊಳಪೂ ಅದೇ ಅರಗಿನದು. ಗೊತ್ತಿತ್ತಾ?

ನಿನ್ನ ಮಗಳು
ಕುಸುಮ


ತಿಪ್ಪಸಂದ್ರ
25 ಫೆಬ್ರವರಿ 2024

ಕುಸುಮಳಿಗೆ,

ಕಾಗದ ಬಂತು. ಡಬ್ಬಿಯೂ ಬಂತು. ಬಣ್ಣ ಚೆನ್ನಾಗಿದೆ. ನಾಲ್ಕು ಕಾಲೂ ನೆಲಕ್ಕೆ ಕೂರುತ್ತವೆ. ಆದರೆ ಇದು ಕುರಿ ಅಲ್ಲ.

ಕಣ್ಣು ನೋಡು. ಗುಂಡಗೆ ಕರಿ ಬೊಟ್ಟು ಇಟ್ಟಿದ್ದೀಯ. ಅದು ನಾಯಿಯ ಕಣ್ಣು. ಇಲ್ಲದಿದ್ದರೆ ನನ್ನ ಕಣ್ಣು. ಕುರಿಯ ಕಣ್ಣಿನೊಳಗಿನ ಪಾಪೆ ಗುಂಡಗಿರುವುದಿಲ್ಲ, ಅಡ್ಡಗೀಟಿನ ಹಾಗೆ ಇರುತ್ತದೆ. ಹುಂಡಿಯ ಬಾಯಿ ಇರುತ್ತದಲ್ಲ, ಹಾಗೆ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಕುರಿಮರಿಯ ಪಕ್ಕದಲ್ಲೇ ಮಲಗಿ ಬೆಳೆದವಳು ಇದನ್ನು ನೋಡಲಿಲ್ಲವಾ? ಬದುಕಿರುವ ಕುರಿ ಬಿಟ್ಟು ಮರದ ಕುರಿ ಮೇಯಿಸಲು ಹೋದರೆ ಹೀಗೇ ಆಗುವುದು. ನೀನು ಹೊರಟ ದಿನ ಇದೇ ಮಾತು ಹೇಳಿದ್ದೆ. ಮತ್ತೆ ಹೇಳುವುದಿಲ್ಲ.

ನಿಮ್ಮವ್ವ ಗೊಂಬೆಯನ್ನು ದೇವರ ಗೂಡಿನಲ್ಲಿಟ್ಟಿದ್ದಾಳೆ. ಇದು ಕುರಿಯಲ್ಲ ಎಂದರೆ ನನ್ನ ಕಿವಿಯ ಹತ್ತಿರ ಬಂದು, "ನಿಮಗ್ ಯಾವತ್ತು ಯಾವ್ದು ಸರಿ ಬಂದೈತೆ? ಮುದ್ದೆ ಗುಂಡಗಿಲ್ಲ, ಕುರಿ ಕಣ್ಣು ಗುಂಡಗೈತೆ. ಸುಮ್ಕೆ ಉಣ್ಣಿ" ಎಂದು ಕೂಗಿದಳು. ಅದೇನೋ ನನಗೆ ಚೆನ್ನಾಗಿ ಕೇಳಿಸಿತು.

ಅರಗು ಹುಳುವಿನದು ಎಂದು ಗೊತ್ತಿತ್ತು. ಮಾತ್ರೆಯ ವಿಷಯ ಗೊತ್ತಿರಲಿಲ್ಲ. ಅರ್ಧ ಸೋತೆ.

ಈಗ ನನ್ನದು. ಅಂಗಡಿಯಲ್ಲಿ ಬೆಲ್ಲ ಕಟ್ಟಿಕೊಟ್ಟ ಪೇಪರಿನಲ್ಲಿ ಓದಿದೆ. ಕುರಿಗಳು ಜೊತೆಯಲ್ಲಿದ್ದವರ ಮುಖವನ್ನು ಎರಡು ವರ್ಷ ಕಳೆದರೂ ಮರೆಯುವುದಿಲ್ಲವಂತೆ. ಮನುಷ್ಯರ ಮುಖವನ್ನೂ ಗುರುತು ಹಿಡಿಯುತ್ತವಂತೆ.

ಬೀರಯ್ಯ


ಚನ್ನಪಟ್ಟಣ
10 ಮಾರ್ಚ್ 2024

ಅಪ್ಪನಿಗೆ,

ನಿನ್ನ ಕಾಗದ ಓದಿದ ಮೇಲೆ ಊಟ ಸೇರಲಿಲ್ಲ. ಅಪ್ಪ ಸುಮ್ಮನೆ ತಪ್ಪು ಹುಡುಕುತ್ತಿದ್ದಾನೆ ಎಂದುಕೊಂಡೆ. ಬಸ್ ಸ್ಟ್ಯಾಂಡಿನ ಹಿಂದೆ ಓವೈಸ್ ಅನ್ನುವವರ ಮಟನ್ ಅಂಗಡಿ ಇದೆ. ಮುಂದುಗಡೆ ಎರಡು ಕುರಿ ಕಟ್ಟಿರುತ್ತಾರೆ. ಭಾನುವಾರ ಹೋಗಿ ಒಂದರ ಗಲ್ಲ ಹಿಡಿದು ಮುಖಕ್ಕೆ ಮುಖ ಕೊಟ್ಟು ಕುಳಿತೆ. ಓವೈಸಣ್ಣ, "ಎಲ್ರೂ ಹಲ್ ನೋಡ್ತಾರೆ, ತೊಡೆ ನೋಡ್ತಾರೆ. ನೀನೇನಮ್ಮ ಕಣ್ ನೋಡ್ತಾ ಇದೀಯ? ಹೆಣ್ ನೋಡೋ ಶಾಸ್ತ್ರಾನಾ?" ಎಂದರು. ನಾನು ಅಲ್ಲಿಂದ ಓಡಿಬಂದೆ. ಆದರೆ ಅಷ್ಟರಲ್ಲಿ ನೋಡಿಬಿಟ್ಟಿದ್ದೆ. ಹಳದಿ ಕಣ್ಣು, ನಡುವೆ ಕರಿಯ ಅಡ್ಡಗೀಟು.

ನಾನು ಇಷ್ಟು ವರ್ಷ ಏನು ನೋಡುತ್ತಿದ್ದೆ ಅಪ್ಪ? ಯೋಚಿಸಿದರೆ, ನೀನು ಕಲಿಸಿದ್ದೆಲ್ಲ ನೋಡಿದ್ದೇನೆ. ನಡಿಗೆ ಕುಂಟುತ್ತಿದೆಯಾ, ಹೊಟ್ಟೆ ಉಬ್ಬಿದೆಯಾ, ಹಿಕ್ಕೆ ಸರಿಯಿದೆಯಾ, ಮೂಗು ಸುರಿಯುತ್ತಿದೆಯಾ. ಕಣ್ಣಲ್ಲಿ ನೀರು ಬಂದರೆ ಅದನ್ನೂ ನೋಡಿದ್ದೇನೆ, ಒರೆಸಿದ್ದೇನೆ. ಕಣ್ಣನ್ನು ನೋಡಿಲ್ಲ. ಬ್ರಷ್ ಕೈಗೆ ಬಂದಾಗ ಗುಂಡಗೆ ಇಟ್ಟುಬಿಟ್ಟೆ.

ಇನ್ನೊಂದು ಕುರಿ ಮಾಡಿ ಅಡ್ಡಗೀಟು ಎಳೆದೆ. ಕಾರ್ಖಾನೆಯಲ್ಲಿ ನಗು. ಲೇತಿನ ಮೇಲೆ ಕೂರುವ ಇಸ್ರಾರಣ್ಣ, "ಕುಸುಮಾ, ನಿನ್ ಕುರೀಗ್ ಒಸಿ ಟೀ ಕುಡ್ಸು, ತೂಕಡಿಸ್ತಾ ಐತೆ" ಎಂದರು. ಮಜೀದಾಕ್ಕ ನಗಲಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ನೀನ್ ಹೇಳೋದು ನಿಜಾನೇ ಇರ್ಬೋದು ಕಣಮ್ಮ. ಆದ್ರೆ ನೋಡಿದ್ರೆ ಕಣ್ ಮುಚ್ಕೊಂಡಂಗೆ ಐತೆ. ಸುಮ್ನೆ ನಿಂತಿರೋ ಕುರಿ ನಮ್ಹತ್ರ ಬೇಕಾದಷ್ಟೈತೆ. ಇದೇನಾದ್ರೂ ಮಾಡ್ಬೇಕು" ಎಂದು ಹಲಗೆಯ ಮೇಲಿಟ್ಟರು. ಇಲ್ಲ ಎನ್ನಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ.

ನನ್ನ ಸರದಿ: ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂದು ಹೆಸರಿತ್ತು, ಒಬ್ಬ ಬ್ರಿಟಿಷ್ ಅಧಿಕಾರಿಯ ಹೆಸರು. ಅದು ನಿನಗೆ ಗೊತ್ತಿರಬಹುದು. ಊರಿನ ಹೆಸರು ಬದಲಾಯಿತು, ಆದರೆ ಅಲ್ಲಿಯ ಬಂಡೆಗಳನ್ನು ಪ್ರಪಂಚದ ಕಲ್ಲು ಓದುವವರೆಲ್ಲ ಇವತ್ತಿಗೂ ಕ್ಲೋಸ್‌ಪೇಟೆ ಕಲ್ಲು ಎಂದೇ ಕರೆಯುತ್ತಾರಂತೆ. ಅವುಗಳ ವಯಸ್ಸು ಇನ್ನೂರೈವತ್ತು ಕೋಟಿ ವರ್ಷವಂತೆ.

ನಾನು ಹೊರಟು ಎರಡು ವರ್ಷ ಆಗಿಲ್ಲ ಅಪ್ಪ.

ಕುಸುಮ


ಚನ್ನಪಟ್ಟಣ
16 ಜೂನ್ 2024

ಅಪ್ಪನಿಗೆ,

ಯುಗಾದಿ ಕಳೆಯಿತು, ಬೇಸಿಗೆ ಕಳೆಯಿತು, ನಿನ್ನ ಕಾಗದ ಬರಲಿಲ್ಲ. ಮಂದೆ ಹೊಡೆದುಕೊಂಡು ಕನಕಪುರದ ಕಡೆ ಹೋಗಿದ್ದೀಯ, ಅಲ್ಲಿ ತೋಟದವರು ಗೊಬ್ಬರಕ್ಕೆಂದು ಮಂದೆ ಕೂಡಿಸಿಕೊಂಡಿದ್ದಾರೆ ಎಂದು ಅವ್ವ ಹೇಳಿದಳು. ಈಗ ಮಳೆ ಬಿದ್ದಿದೆ, ವಾಪಸು ಬಂದಿದ್ದೀಯಂತೆ. ಕಾಲಿನ ಆಣಿ ಹೇಗಿದೆ?

ನನ್ನ ಕುರಿ ಈಗ ಸುಮ್ಮನೆ ನಿಲ್ಲುವುದಿಲ್ಲ. ಕತ್ತಿಗೆ ಒಂದು ಕಡ್ಡಿ ಸೇರಿಸಿ ತಲೆ ಮೇಲೆ ಕೆಳಗೆ ಆಡುವ ಹಾಗೆ ಮಾಡಿದೆ. ಬಾಲ ಒತ್ತಿದರೆ ಬಗ್ಗಿ ಮೇಯುತ್ತದೆ, ಬಿಟ್ಟರೆ ತಲೆ ಎತ್ತುತ್ತದೆ. ಇಸ್ರಾರಣ್ಣನೇ ಕತ್ತಿನ ಅಳತೆ ಸರಿ ಮಾಡಿಕೊಟ್ಟರು. ನಾನು ಬೇಡ ಎಂದರೂ ಬಿಡಲಿಲ್ಲ.

ಆದರೆ ಒಂದು ತೊಡಕು ಬಂತು. ತಲೆ ಎತ್ತಿದಾಗ ಕಣ್ಣಿನ ಗೀಟು ಅಡ್ಡವಾಗಿದೆ. ತಲೆ ಬಗ್ಗಿಸಿದರೆ ಅದೇ ಗೀಟು ನೆಟ್ಟಗೆ ನಿಲ್ಲುತ್ತದೆ, ಬೆಕ್ಕಿನ ಕಣ್ಣಿನ ಹಾಗೆ. ನೋಡಿದರೆ ಏನೋ ತಪ್ಪಿದೆ ಅನಿಸುತ್ತದೆ. ಏನು ಎಂದು ಹೇಳಲು ಬರುವುದಿಲ್ಲ. ಓವೈಸಣ್ಣನ ಅಂಗಡಿಗೆ ಮತ್ತೆ ಹೋದೆ. ಅಲ್ಲಿ ಕುರಿಗಳಿಗೆ ಸೊಪ್ಪನ್ನು ಮೇಲೆ ಕಟ್ಟಿ ನೇತುಹಾಕುತ್ತಾರೆ. ಅವು ತಲೆ ಎತ್ತಿಯೇ ತಿನ್ನುತ್ತವೆ. ಈ ಊರಿನಲ್ಲಿ ನೆಲದ ಹುಲ್ಲು ಮೇಯುವ ಕುರಿ ನನಗೆ ಸಿಗಲಿಲ್ಲ.

ಅಪ್ಪ, ನಿಜವಾದ ಕುರಿ ನೆಲಕ್ಕೆ ಬಗ್ಗಿ ಮೇಯುವಾಗ ಅದರ ಕಣ್ಣಿನ ಗೀಟು ಹೇಗಿರುತ್ತದೆ? ನಿಲ್ಲುತ್ತದಾ, ಮಲಗುತ್ತದಾ? ನೋಡಿ ಹೇಳು. ಮಜೀದಾಕ್ಕ ಆಗಸ್ಟ್ ಕಳೆಯುವುದರೊಳಗೆ ಯಾವ ಗೊಂಬೆ ಎಂದು ಗೊತ್ತು ಮಾಡುತ್ತಾರೆ.

ನನ್ನದು: ಒಂದು ರೇಷ್ಮೆಗೂಡಿನ ನೂಲು ಒಂದೇ ಎಳೆ. ಬಿಚ್ಚಿದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಬರುತ್ತದಂತೆ. ನಮ್ಮ ಮನೆಯಿಂದ ಶಾಲೆಯವರೆಗೆ ಎಳೆಯಬಹುದು.

ಕುಸುಮ


ತಿಪ್ಪಸಂದ್ರ
27 ಜೂನ್ 2024

ಕುಸುಮಳಿಗೆ,

ಕಾಗದ ಬಂತು. ಕಾಲು ಪರವಾಗಿಲ್ಲ.

ನೀನು ಕೇಳಿರುವುದು ಕೇಳುವ ಪ್ರಶ್ನೆಯೇ ಅಲ್ಲ. ಕಣ್ಣು ತಲೆಯಲ್ಲಿ ತಾನೆ ಇರುವುದು? ತಲೆ ಬಗ್ಗಿದರೆ ಕಣ್ಣೂ ಬಗ್ಗುತ್ತದೆ, ಗೀಟು ನೆಟ್ಟಗಾಗುತ್ತದೆ. ಇದಕ್ಕೆ ನೋಡಬೇಕಾಗಿಲ್ಲ. ನಾನು ಹಾಲು ಹಲ್ಲು ಬೀಳುವುದಕ್ಕೆ ಮುಂಚಿನಿಂದ ಕುರಿ ಕಾಯುತ್ತಿದ್ದೇನೆ. ನಿನ್ನ ಗೊಂಬೆ ಸರಿಯಾಗಿದೆ, ಹಾಗೇ ಬಿಡು.

ರೇಷ್ಮೆಯದು ಗೊತ್ತಿತ್ತು. ಪಕ್ಕದ ಮನೆಯ ಮುನಿರಾಮಯ್ಯ ಹುಳ ಸಾಕಲು ಶುರು ಮಾಡಿದಾಗಿನಿಂದ ದಿನಾ ಅದನ್ನೇ ಹೇಳುತ್ತಾನೆ. ನೀನೇ ಹೋಗಿ ಕುರಿ ತಿರುಗಿಸು.

ನೀನು ಮೊದಲು ಕಳಿಸಿದ್ದ ಗುಂಡುಗಣ್ಣಿನ ಗೊಂಬೆ ಬಹಳ ದಿನದಿಂದ ದೇವರ ಗೂಡಿನಲ್ಲಿ ಕಾಣುತ್ತಿಲ್ಲವಂತೆ. ಮುನಿರಾಮಯ್ಯನ ಮೊಮ್ಮಕ್ಕಳು ಎತ್ತಿಕೊಂಡು ಹೋಗಿರಬೇಕು ಎಂದು ನಿಮ್ಮವ್ವ ಆ ಮನೆಯವರ ಜೊತೆ ಮಾತು ಬಿಟ್ಟಿದ್ದಾಳೆ. ನನಗಂತೂ ನೆಮ್ಮದಿ.

ಬೀರಯ್ಯ


ತಿಪ್ಪಸಂದ್ರ
30 ಜೂನ್ 2024

ಮಗಳಿಗೆ,

ಹಿಂದಿನ ಕಾಗದ ನಿನಗೆ ಸಿಗುವ ಮೊದಲೇ ಇದು ಸಿಕ್ಕರೆ ಒಳ್ಳೆಯದು. ಅದನ್ನು ಓದಬೇಡ.

ಅದನ್ನು ಅಂಚೆ ಡಬ್ಬಕ್ಕೆ ಹಾಕಿ ಬಂದ ಮೇಲೆ ಮಂದೆ ಹೊಡೆದುಕೊಂಡು ಗುಡ್ಡದ ಇಳಿಜಾರಿನ ಬಾರೆಗೆ ಹೋದೆ. ಎಲ್ಲ ಮೇಯುತ್ತಿದ್ದವು. ಸುಮ್ಮನೆ ಒಂದರ ಕಣ್ಣು ನೋಡೋಣ ಎಂದುಕೊಂಡೆ. ನಿಂತು ನೋಡಿದರೆ ನೆತ್ತಿ ಕಾಣುತ್ತದೆ, ಕಣ್ಣು ಕಾಣುವುದಿಲ್ಲ. ಹತ್ತಿರ ಹೋಗಿ ಬಗ್ಗಿದರೆ ಅದು ತಲೆ ಎತ್ತಿ ನನ್ನ ಮುಖ ನೋಡುತ್ತದೆ. ತಲೆ ಎತ್ತಿದರೆ ಗೀಟು ಅಡ್ಡ. ಮತ್ತೊಂದರ ಹತ್ತಿರ ಹೋದೆ, ಅದೂ ಹಾಗೇ. ಆವಾಗ ನನಗೆ ಹೊಳೆಯಿತು. ಕುರಿ ಮೇಯುವಾಗಿನ ಕಣ್ಣನ್ನು ನಾನು ಹುಟ್ಟಿದಾಗಿನಿಂದ ಒಂದು ಸಲವೂ ಕಂಡಿಲ್ಲ. ನಮ್ಮಪ್ಪನೂ ಕಂಡಿರಲಾರ. ಕುರಿ ಕಾಯುವವನು ನಿಂತಿರುತ್ತಾನೆ, ಇಲ್ಲ ದೊಣ್ಣೆ ಊರಿಕೊಂಡು ಕೂತಿರುತ್ತಾನೆ. ಕುರಿಯ ಮೂತಿಯ ಮಟ್ಟಕ್ಕೆ ಯಾರು ಹೋಗುತ್ತಾರೆ?

ಕಂಬಳಿ ಹೊದ್ದು ಹುಲ್ಲಿನ ಮೇಲೆ ಬೋರಲು ಮಲಗಿದೆ. ಕೆನ್ನೆ ನೆಲಕ್ಕೆ ತಾಗಿಸಿ ಅಲ್ಲಾಡದೆ ಇದ್ದೆ. ಸುಮಾರು ಹೊತ್ತಾದ ಮೇಲೆ ಮಚ್ಚೆ ಕಿವಿಯ ಕುರಿ ಮೇಯುತ್ತಾ ಮೇಯುತ್ತಾ ನನ್ನ ಮೂಗಿನ ಹತ್ತಿರಕ್ಕೇ ಬಂತು. ಅಷ್ಟರಲ್ಲಿ ಮುನಿರಾಮಯ್ಯ ಬಂದು ನನ್ನ ಕಿವಿಗೆ ಬಾಯಿಟ್ಟು, "ಏನ್ಲಾ ಬೀರ, ಬಿದ್ಬುಟ್ಯಾ? ಜೀವ ಐತಾ, ಹೋಗ್ಬುಡ್ತಾ?" ಎಂದು ಕಿರುಚಿದ. ಕುರಿ ಹಾರಿ ಓಡಿತು. "ಬಾಯ್ ಮುಚ್ಕೊಂಡು ನೀನೂ ಮಲಿಕ್ಕಳ್ಲಾ" ಎಂದೆ. ಯಾಕೆ ಎಂದು ಕೇಳಿದ. ಕುರಿ ಕಣ್ಣು ನೋಡುವುದಕ್ಕೆ ಎಂದೆ. ನನ್ನನ್ನು ಒಂದು ಗಳಿಗೆ ನೋಡಿ, "ನಿಂಗೆ ಕಿವಿ ಮಾತ್ರ ಹೋಗೈತೆ ಅಂದ್ಕೊಂಡಿದ್ದೆ ಕಣ್ಲಾ" ಎನ್ನುತ್ತಾ ಪಂಚೆ ಮೇಲೆತ್ತಿ ಕಟ್ಟಿ ಪಕ್ಕದಲ್ಲಿ ಮಲಗಿದ.

ಇಬ್ಬರೂ ನೋಡಿದೆವು ಮಗಳೇ. ತಲೆ ನೆಲಕ್ಕೆ ಬಗ್ಗಿದೆ, ಕಣ್ಣು ಬಗ್ಗಿಲ್ಲ. ಗೀಟು ನೆಲಕ್ಕೆ ಸಮನಾಗಿ ಮಲಗಿಯೇ ಇದೆ. ಚೊಂಬನ್ನು ಓರೆ ಮಾಡಿದರೂ ಒಳಗಿನ ನೀರು ಮಟ್ಟವಾಗಿ ನಿಲ್ಲುತ್ತದಲ್ಲ, ಹಾಗೆ. ತಲೆ ಬಗ್ಗುವಾಗ ಕಣ್ಣುಗುಡ್ಡೆ ಒಳಗೇ ತಿರುಗಿಕೊಳ್ಳುತ್ತದೆ. ಒಂದರಲ್ಲಿ ನೋಡಿ ನಂಬದೆ ಇನ್ನೂ ಮೂರು ನಾಲ್ಕರಲ್ಲಿ ನೋಡಿದೆವು. ಎಲ್ಲವೂ ಹಾಗೇ. ಆಮೇಲೆ ಯೋಚಿಸಿದೆ. ಹುಲ್ಲಿಗೆ ಬಾಯಿ ಹಾಕಿದಾಗಲೇ ತಾನೆ ಚಿರತೆ, ನಾಯಿ ಬರುವುದು? ತಲೆ ಕೆಳಗಿದ್ದರೂ ಸುತ್ತಲಿನ ನೆಲ ಕಾಣುತ್ತಿರಬೇಕು. ಅದಕ್ಕೇ ಇರಬೇಕು.

ನಾವು ಮಲಗಿ ನೋಡುತ್ತಿರುವಾಗ ಅರ್ಧ ಮಂದೆ ಮುನಿರಾಮಯ್ಯನ ಹಿಪ್ಪುನೇರಳೆ ತೋಟಕ್ಕೆ ನುಗ್ಗಿತ್ತು. ಈ ಸಲ ನಾನೇ ಸೋತದ್ದು, ಓಡಿಹೋಗಿ ಕುರಿ ತಿರುಗಿಸಿದ್ದೂ ನಾನೇ. ಮುನಿರಾಮಯ್ಯ ಬೈಯಲಿಲ್ಲ. ಸಂಜೆ ಟೀ ಅಂಗಡಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದ.

ನಿಮ್ಮಪ್ಪ
ಬೀರಯ್ಯ


ಚನ್ನಪಟ್ಟಣ
4 ಆಗಸ್ಟ್ 2024

ಅಪ್ಪ,

ನಿನ್ನ ಎರಡೂ ಕಾಗದ ಒಂದೇ ದಿನ ಬಂದವು. ಓದಬೇಡ ಎಂದದ್ದನ್ನೇ ಮೊದಲು ಓದಿದೆ.

ನೀನು ಕಂಡದ್ದನ್ನು ನಾನು ಕಾರ್ಖಾನೆಯಲ್ಲಿ ಎಲ್ಲರೆದುರು ಹೇಳಿದೆ. ಕೇಳು, ನಾನು ಬಾಯಿಬಿಟ್ಟು ಹೇಳಿದೆ. ಅಪ್ಪ ನೆಲಕ್ಕೆ ಮಲಗಿ ನೋಡಿದ್ದಾರೆ ಎಂದಾಗ ಯಾರೂ ನಗಲಿಲ್ಲ. ಚೀಟಿಯಲ್ಲಿ ಹಾಕುವುದು ನಿಜವೇ ಇರಬೇಕಲ್ಲ, ಅದಕ್ಕೆ ಮಜೀದಾಕ್ಕನ ಮಗಳು ಮೊಬೈಲಿನಲ್ಲಿ ಹುಡುಕಿದಳು. ಹೊರದೇಶದ ವಿಜ್ಞಾನಿಗಳೂ ಹೀಗೇ ಇದೆ ಎಂದು ಬರೆದಿದ್ದಾರಂತೆ, ಬಹಳ ಹಿಂದೆ ಅಲ್ಲ, ಹತ್ತು ವರ್ಷದ ಈಚೆಗೆ. ಅವಳು ಅದನ್ನು ಎಲ್ಲರಿಗೂ ಓದಿ ಹೇಳಿದಳು. ಅವರು ಯಾವುದೋ ದೇಶದಲ್ಲಿ, ನೀನು ಗುಡ್ಡದ ಬಾರೆಯಲ್ಲಿ, ಒಂದೇ ಕಣ್ಣನ್ನು ನೋಡಿದ್ದೀರಿ.

ಗೊತ್ತಾಯಿತು ಸರಿ, ಮರದಲ್ಲಿ ಮಾಡುವುದು ಹೇಗೆ? ಮೊದಲು ಕಣ್ಣಿನ ಬಿಲ್ಲೆಯನ್ನು ಸಡಿಲವಾಗಿ ಮೊಳೆಗೆ ಸಿಕ್ಕಿಸಿದೆ. ತೂಕವಿಲ್ಲದೆ ಸಿಕ್ಕಿಕೊಂಡಿತು. ಜೋರಾಗಿ ಅಲ್ಲಾಡಿಸಿದರೆ ಒಂದು ಕಣ್ಣು ಅಡ್ಡ, ಇನ್ನೊಂದು ನೆಟ್ಟಗೆ. ಇಸ್ರಾರಣ್ಣ, "ಈಗ ಟೀ ಸಾಲ್ದು, ಹೆಂಡ ಕುಡ್ದೈತೆ" ಎಂದರು. ಮಜೀದಾಕ್ಕ ಬೇರೆ, "ಬಿಲ್ಲೆ ಕಿತ್ಬಂದು ಮಗು ನುಂಗ್ಬುಟ್ರೆ? ಇದ್ ಬೇಡ" ಎಂದುಬಿಟ್ಟರು. ಇನ್ನೊಬ್ಬರು ಮಾಡಿದ ಎತ್ತಿನಗಾಡಿ ಚೆನ್ನಾಗಿದೆ, ಅದನ್ನೇ ಮೇಳಕ್ಕೆ ಒಯ್ಯೋಣ ಎಂದು ಮಾತಾಡಿಕೊಳ್ಳುತ್ತಿದ್ದರು. ಈ ತಿಂಗಳ ಕೊನೆಯವರೆಗೆ ಟೈಮು ಕೊಡಿ ಎಂದು ಕೇಳಿದ್ದೇನೆ.

ನಿನ್ನೆ ಕೆಲಸ ಮುಗಿಸಿ ಬರುವಾಗ ನಮ್ಮ ದೊಡ್ಡ ಟಗರಿನ ಗಂಟೆ ನೆನಪಾಯಿತು. ಅದು ಹೇಗೆ ಕತ್ತು ಹೊರಳಿಸಿದರೂ ಗಂಟೆಯೊಳಗಿನ ನಾಲಿಗೆ ನೆಲದ ಕಡೆಗೇ ತೂಗುತ್ತಿತ್ತು. ಆ ನಾಲಿಗೆಗೆ ಕಣ್ಣು ಕಟ್ಟಿದರೆ? ರಾತ್ರಿಯ ಅಡುಗೆ ಬಿಟ್ಟು ಅದನ್ನೇ ಯೋಚಿಸುತ್ತಿದ್ದೇನೆ.

ಟಗರು ಈಗಲೂ ಆ ಗಂಟೆ ಕಟ್ಟಿಕೊಂಡಿದೆಯಾ? ನಿನಗೆ ಕೇಳಿಸುವುದಿಲ್ಲ ಎಂದು ಬಿಚ್ಚಿಬಿಡಬೇಡ.

ನಿನ್ನ ಮಗಳು
ಕುಸುಮ


ಚನ್ನಪಟ್ಟಣ
15 ಸೆಪ್ಟೆಂಬರ್ 2024

ಅಪ್ಪ, ಅವ್ವ,

ಆಯಿತು. ಮೇಳಕ್ಕೆ ಹೋಗುವುದು ನಮ್ಮ ಕುರಿ.

ಈ ಡಬ್ಬಿಯಲ್ಲಿರುವುದನ್ನು ಬೆಳಕಿನಲ್ಲಿ ಹಿಡಿದು ನೋಡಿ. ತಲೆಯೊಳಗೆ ಟೊಳ್ಳು ಮಾಡಿದ್ದೇನೆ. ಈ ಕಣ್ಣಿನಿಂದ ಆ ಕಣ್ಣಿಗೆ ಒಂದೇ ಕಡ್ಡಿ ಹೋಗುತ್ತದೆ. ಆ ಕಡ್ಡಿಗೆ ಒಳಗೆ ಹುಣಸೆಮರದ ಚೇಗಿನ, ಅಂದರೆ ನಡುವಿನ ಗಟ್ಟಿ ಭಾಗದ, ಒಂದು ಭಾರದ ತುಂಡು ತೂಗುತ್ತದೆ, ಗಂಟೆಯ ನಾಲಿಗೆಯ ಹಾಗೆ. ಅದು ಯಾವಾಗಲೂ ಕೆಳಗೇ ಇರುವುದರಿಂದ ತಲೆ ಎತ್ತ ಬಗ್ಗಿದರೂ ಕಣ್ಣಿನ ಗೀಟು ಮಟ್ಟವಾಗಿ ನಿಲ್ಲುತ್ತದೆ. ಕಣ್ಣು ಕಿತ್ತುಬರದಂತೆ ಸುತ್ತ ಒಂದು ಬಳೆ ಕೂರಿಸಿದ್ದೇವೆ. ಇಸ್ರಾರಣ್ಣ ಕಟಿಂಗ್ ಪ್ಲೇಯರ್ ಹಿಡಿದು ಎಳೆದರು, ಬರಲಿಲ್ಲ. "ಹೋಗ್ಲಿ, ಇದು ಕುರೀನೇ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತು ನಾನು ಕೇಳಿಲ್ಲ.

ಮಜೀದಾಕ್ಕ ಬಾಲ ಒತ್ತಿದರು. ಕುರಿ ಮೇಯಿತು. ಬಿಟ್ಟರು. ಮತ್ತೆ ಒತ್ತಿದರು. ಆಮೇಲೆ ಮುಖವನ್ನು ಮೇಜಿಗೆ ತಾಗಿಸಿ, ಕುರಿಯ ಮಟ್ಟಕ್ಕೆ ಬಗ್ಗಿ ಕಣ್ಣನ್ನೇ ನೋಡಿದರು. ನನಗೆ ನೀನು ಹುಲ್ಲಿನ ಮೇಲೆ ಮಲಗಿದ್ದು ಕಂಡಂತಾಯಿತು. ಎತ್ತಿನಗಾಡಿಯವರೂ ಬಂದು ಬಾಲ ಒತ್ತಿ ನೋಡಿ ನಕ್ಕರು.

ಚೀಟಿಯನ್ನೂ ನನ್ನ ಕೈಯಲ್ಲೇ ಬರೆಸಿದರು. ಹೀಗೆ ಬರೆದೆ: "ಕುರಿ ತಲೆ ಬಗ್ಗಿಸಿದರೂ ಅದರ ಕಣ್ಣು ಬಗ್ಗುವುದಿಲ್ಲ. ನಂಬದಿದ್ದರೆ ನೆಲದ ಮೇಲೆ ಮಲಗಿ ನೋಡಿ."

ಈಗ ಹೆಸರಿನ ವಿಷಯ. ಹೊಟ್ಟೆಯಡಿ ಜಾಗ ಚಿಕ್ಕದು, ಒಂದೇ ಹೆಸರು ಹಿಡಿಯುತ್ತದೆ. ಬೀರಯ್ಯ ಎಂದು ಬರೆಸಬೇಕು ಎಂದು ನನ್ನ ಮನಸ್ಸು. ಕಣ್ಣು ಗುಂಡಗಿಲ್ಲ ಎಂದವನು ನೀನು. ಮಲಗಿ ನೋಡಿದವನು ನೀನು. ನಾನು ಮರ ಕೆತ್ತಿದೆ ಅಷ್ಟೆ. ಮಜೀದಾಕ್ಕ, "ನಿಮ್ಮಪ್ಪ ಏನಂತಾರೋ ಕೇಳು, ಈ ತಿಂಗಳೊಳ್ಗೆ ಹೇಳು" ಎಂದಿದ್ದಾರೆ. ನೀನು ಹೂಂ ಎಂದರೆ ಬರೆಸಿಬಿಡುತ್ತೇನೆ. ನನಗೆ ಬೇಸರವಿಲ್ಲ.

ನಿಮ್ಮ
ಕುಸುಮ


ತಿಪ್ಪಸಂದ್ರ
22 ಸೆಪ್ಟೆಂಬರ್ 2024

ಮಗಳು ಕುಸುಮಳಿಗೆ,

ಡಬ್ಬಿಯನ್ನು ಮನೆಯಲ್ಲಿ ಒಡೆಯಲು ಬಿಡಲಿಲ್ಲ ನಿಮ್ಮವ್ವ. ಟೀ ಅಂಗಡಿಯ ಹತ್ತಿರ ಎಲ್ಲರೆದುರು ಒಡೆಯಬೇಕು ಎಂದಳು. ಹಾಗೇ ಮಾಡಿದೆವು. ಮುನಿರಾಮಯ್ಯ ಬಾಲ ಒತ್ತಿದ. ಕುರಿ ತಲೆ ಬಗ್ಗಿಸಿತು, ಕಣ್ಣು ಮಟ್ಟವಾಗಿ ನಿಂತಿತು. ಅವನು ಸುತ್ತ ಇದ್ದವರಿಗೆ, "ನಾನ್ ಹೇಳ್ದಾಗ ನಕ್ರಲ್ಲ, ಈಗ್ ನಗ್ರಲಾ" ಎಂದ. ನಾಲ್ಕು ಜನ ನಂಬಲಿಲ್ಲ. ಅವರನ್ನು ಬಾರೆಗೆ ಕರೆದುಕೊಂಡು ಹೋಗಿ ಸಾಲಾಗಿ ಬೋರಲು ಮಲಗಿಸಿದೆ. ಪಂಚಾಯ್ತಿ ಮೆಂಬರೂ ಮಲಗಿದರು, ಬಿಳಿ ಪ್ಯಾಂಟಿನಲ್ಲಿ. ನಿಮ್ಮವ್ವ ನಾನು ಮಲಗುವುದಿಲ್ಲ ಎಂದವಳು ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಲಗಿ, "ಅಯ್ಯೋ ನಿಜ ಕಣ್ರೀ, ನನ್ ಮಗ್ಳು ಹೇಳಿದ್ದು ನಿಜ" ಎಂದಳು. ನೋಡಿದವನು ನಾನು. ಹೇಳಿದ್ದು ನೀನಂತೆ. ಇರಲಿ.

ಗೊಂಬೆಯ ತಲೆ ಬಗ್ಗುವಾಗ ಒಳಗಿನ ತುಂಡು ಸಣ್ಣಗೆ ಟಕ್ ಎನ್ನುತ್ತದಂತೆ. ನನಗೆ ಕೇಳಿಸುವುದಿಲ್ಲ. ಆದರೆ ಹಿಡಿದುಕೊಂಡರೆ ಬೆರಳಿಗೆ ಗೊತ್ತಾಗುತ್ತದೆ. ಟಗರಿನ ಗಂಟೆ ಬಿಚ್ಚಿಲ್ಲ. ಅದರ ಕತ್ತಿನ ಮೇಲೆ ಕೈಯಿಟ್ಟರೆ ಅದೂ ಹೀಗೇ ಗೊತ್ತಾಗುತ್ತದೆ.

ಹೆಸರಿನ ವಿಷಯ. ಬೀರಯ್ಯ ಎಂದು ಬರೆಸಿದರೆ ಗೊಂಬೆ ವಾಪಸು ಕಳಿಸುತ್ತೇನೆ. ಗುಡ್ಡ ಇತ್ತು, ಹುಲ್ಲಿತ್ತು, ಕುರಿ ಇತ್ತು, ನಾನೂ ಇದ್ದೆ, ನಮ್ಮಪ್ಪ, ಅವರಪ್ಪ ಎಲ್ಲ ಇದ್ದರು. ಕೇಳಿದವರು ಯಾರೂ ಇರಲಿಲ್ಲ. ಚನ್ನಪಟ್ಟಣದಲ್ಲಿ ಕೂತು ನೀನು ಕೇಳಿದೆ. ನೀನು ಇಲ್ಲೇ ಮಂದೆಯ ಹಿಂದೆ ಇದ್ದಿದ್ದರೆ ಕೇಳುತ್ತಿರಲಿಲ್ಲ, ನಾನೂ ನೋಡುತ್ತಿರಲಿಲ್ಲ. ಇದನ್ನು ಬಹಳ ಯೋಚಿಸಿ ಬರೆದಿದ್ದೇನೆ. ಎರಡು ಸಲ ಓದಿಕೋ. ಕುಸುಮ ಎಂದು ಬರೆಸು. ಅಕ್ಷರ ದಪ್ಪಗಿರಲಿ.

ಮೇಳಕ್ಕೆ ನಾವೂ ಬರುತ್ತೇವೆ. ಮುನಿರಾಮಯ್ಯನೂ ಬರುತ್ತಾನಂತೆ, ಸಾಕ್ಷಿಗೆ. ಹೊಸ ಕಂಬಳಿ ಹೊದ್ದುಕೊಂಡು ಬರುತ್ತೇನೆ, ಯಾರಾದರೂ ನಕ್ಕರೆ ನಗಲಿ.

ಆಟದಲ್ಲಿ ನನ್ನ ಸರದಿ ಬಾಕಿ ಇತ್ತು. ನಿನಗೆ ಗೊತ್ತಿಲ್ಲದ್ದು ಒಂದಿದೆ. ನಿಮ್ಮವ್ವನಿಗೂ ಗೊತ್ತಿಲ್ಲ, ಹೇಳಬೇಡ, ಮುನಿರಾಮಯ್ಯನ ಮನೆಯವರಿಗೆ ಅವಳು ತಪ್ಪಾಯಿತು ಎಂದು ಹೇಳಬೇಕಾದೀತು. ನೀನು ಮೊದಲು ಕಳಿಸಿದ ಆ ಗುಂಡುಗಣ್ಣಿನ ಕುರಿಯನ್ನು ಯಾವ ಮಕ್ಕಳೂ ಎತ್ತಿಕೊಂಡು ಹೋಗಿಲ್ಲ. ಅದು ಕುರಿಯಲ್ಲ ಎಂದು ನಿನಗೆ ಬರೆದ ವಾರದಿಂದ ನನ್ನ ಕಂಬಳಿಯ ಮೂಲೆಯ ಗಂಟಿನಲ್ಲಿದೆ. ಕನಕಪುರಕ್ಕೂ ಬಂದಿತ್ತು. ಹುಲ್ಲಿನ ಮೇಲೆ ಬೋರಲು ಮಲಗಿದಾಗಲೂ ನನ್ನ ಎದೆಯ ಕೆಳಗೇ ಒತ್ತುತ್ತಿತ್ತು.

ಇದು ಗೊತ್ತಿರಲಿಲ್ಲ ತಾನೆ? ನೀನು ಸೋತೆ ಬಿಡು. ಮೇಳ ಮುಗಿದ ಮೇಲೆ ನಮ್ಮ ಜೊತೆ ಬಂದು ಎರಡು ದಿನ ಇದ್ದು ಹೋಗು. ಕುರಿ ತಿರುಗಿಸುವುದಿದೆ.

ಇಂತಿ,
ಕುಸುಮಳ ಅಪ್ಪ